ಮೆಸ್ಸಿನ ಮೇಜು ಕಂಡ ಹದಿನೈದು ದಿನ

ನಾನು ಸಾಗುವಾನಿಯ ಒಂದು ಊಟದ ಮೇಜು. ವಿಶ್ವವಿದ್ಯಾಲಯದ ಬಡಗಿ ಮೌನೇಶಪ್ಪ ತನ್ನ ಶೆಡ್ಡಿನಲ್ಲಿ ನನ್ನನ್ನು ಮಾಡಿ, ಹುಡುಗರ ಹಾಸ್ಟೆಲಿನ ಮೆಸ್ಸಿಗೆ ಕಳಿಸಿದ. ಅಲ್ಲಿ ವರ್ಷಗಟ್ಟಲೆ ರೊಟ್ಟಿ, ಪುಂಡಿಪಲ್ಯ, ಮೊಣಕೈಗಳ ಭಾರ ಹೊತ್ತೆ. ಪರೀಕ್ಷೆ ಹತ್ತಿರ ಬಂದರೆ ಪುಸ್ತಕಗಳ ಭಾರವೂ ಸೇರುತ್ತಿತ್ತು.

ಒಂದು ಮಧ್ಯಾಹ್ನ ಅನ್ನ ಸರಿಯಾಗಿ ಬೆಂದಿರಲಿಲ್ಲ. ಕೊನೆಯ ವರ್ಷದ ಇರಗೊಂಡ ಸಿಟ್ಟಿನಿಂದ ತಟ್ಟೆಯನ್ನು ನನ್ನ ಮೇಲೆ ಕುಕ್ಕಿದ. ಸಾರು ಹಾರಿ, ಎದುರಿಗೆ ಕುಳಿತಿದ್ದ ಅವನ ತರಗತಿಯ ಸುಭಾನಿಯ ರೆಕಾರ್ಡ್ ಪುಸ್ತಕ ತೊಯ್ದುಹೋಯಿತು. ಮರುದಿನವೇ ಅದನ್ನು ಒಪ್ಪಿಸಬೇಕಿತ್ತು. ಸುಭಾನಿ ಎದ್ದು ಅವನ ಕೊರಳಪಟ್ಟಿ ಹಿಡಿದ. ಇಬ್ಬರೂ ನನ್ನ ಮೇಲೆಯೇ ಉರುಳಿದರು. ನನ್ನ ಒಂದು ಕಾಲು ಮುರಿಯಿತು; ಇರಗೊಂಡನ ಹುಬ್ಬು ಒಡೆಯಿತು.

ಮರುದಿನ ಶಿಸ್ತು ಸಮಿತಿಯವರು ಜಾಗ ನೋಡಲು ಬಂದರು.

"ಇಬ್ಬರ್ನೂ ಒಂದ ವರ್ಷ ಹೊರಗ ಹಾಕೂದ. ಪತ್ರಾ ತಯಾರೈತಿ," ಎಂದರು ಅಧ್ಯಕ್ಷರು.

ವಾರ್ಡನ್ ಹಂಚಿನಮನಿ ಸರ್ ನನ್ನ ಮುರಿದ ಕಾಲನ್ನು ಎತ್ತಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಆರು ವರ್ಷದ ಹಿಂದ ಒಬ್ಬಾಂವನ್ನ ಹಿಂಗ ಒಂದ ವರ್ಷ ಅಂತ ಹೊರಗ ಹಾಕಿದ್ವಿ. ಸಹಿ ನಂದ ಇತ್ತು. ಆಂವ ತಿರುಗಿ ಬಂದನೇನ್ರಿ?"

"ಹಂಗಂತ ಶಿಸ್ತು ಬ್ಯಾಡೇನು?"

"ಬೇಕ್ರಿ. ಅದಕ್ಕ ಹದಿನೈದು ದಿನ ಕೇಳಾಕತ್ತೀನಿ. ಮುರದದ್ದನ್ನ ಇವರ ಕೂಡಸಲಿ. ಮತ್ತ ಕೈ ಎತ್ತಿದ್ರ ಆ ಪತ್ರಾ ನಾನ ಕೊಡ್ತೀನಿ."

ಅಧ್ಯಕ್ಷರು ಒಪ್ಪಿ, ಪತ್ರವನ್ನು ಸರ್ ಕೈಗೆ ಕೊಟ್ಟರು. ಹೀಗೆ ನಾನು ಹುಟ್ಟಿದ ಶೆಡ್ಡಿಗೇ ಮರಳಿದೆ. ಮೊದಲ ನಾಲ್ಕು ದಿನ ಇಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ. ಒಬ್ಬ ಗರಗಸ ಹಿಡಿದರೆ ಇನ್ನೊಬ್ಬ ಹೊರಗೆ ಹೋಗಿ ನಿಲ್ಲುತ್ತಿದ್ದ. ಐದನೆಯ ದಿನ ಇರಗೊಂಡ ಬರಲೇ ಇಲ್ಲ. ಸರ್ ಅವನ ಕೋಣೆಗೇ ಹೋಗಿ ಕರೆತಂದರು. ಅವನ ಹೆಗಲಿಗೆ ಚೀಲವಿತ್ತು.

"ಎಲ್ಲಾರೂ ನೋಡಿ ನಗತಾರ್ರಿ ಸರ್. ನಾ ಊರಿಗೆ ಹೊಕ್ಕೀನಿ."

ಸರ್ ಗದರಲಿಲ್ಲ. ಅಂಗಿಯ ತೋಳು ಮಡಚಿ, ಉಜ್ಜುಕಾಗದ ತೆಗೆದುಕೊಂಡು ನನ್ನ ಹಲಗೆಯನ್ನು ಉಜ್ಜತೊಡಗಿದರು.

"ನನ್ನೂ ನೋಡಿ ನಗಲಿ ಬಿಡು," ಎಂದರು.

ಇರಗೊಂಡ ಚೀಲ ಕೆಳಗಿಟ್ಟ.

ಹೊಸ ಕಾಲು ಕೂಡಿಸುವ ದಿನ ಮೌನೇಶಪ್ಪ ಅಂಟು ಹಚ್ಚಿ, "ಇಬ್ರೂ ಒತ್ತಿ ಹಿಡೀರಿ. ಬಿಟ್ರ ಮತ್ತ ಮೊದ್ಲಿಂದ," ಎಂದು ಚಹಾ ಕುಡಿಯಲು ಹೋದ. ಅರ್ಧ ತಾಸು ಇಬ್ಬರೂ ಎದುರುಬದುರು ಕುಳಿತರು. ಕೊನೆಗೆ ಇರಗೊಂಡನೇ ಬಾಯಿಬಿಟ್ಟ.

"ರೆಕಾರ್ಡ್ ಏನಾತು?"

"ವ್ಯಾಳ್ಯಾ ಕೊಟ್ಟಾರ. ಇನ್ನ ಇಪ್ಪತ್ತೆರಡು ಪುಟ ಬರೀಬೇಕು."

"ಗೆರಿ ನಾ ಹೊಡದ ಕೊಡ್ಲೇನು?"

ಸುಭಾನಿ ಹಿಡಿತವನ್ನು ಇನ್ನಷ್ಟು ಬಿಗಿಮಾಡಿದ. ನನ್ನ ಕಾಲನ್ನೇ ನೋಡುತ್ತ ಕೇಳಿದ: "ಹುಬ್ಬು ಇನ್ನೂ ನೋಯತೈತೇನು?"

ಅವರೇನೂ ಜೀವದ ಗೆಳೆಯರಾಗಲಿಲ್ಲ. ಮೆಸ್ಸಿನಲ್ಲಿ ಬೇರೆ ಬೇರೆ ಕಡೆಯೇ ಕುಳಿತರು. ಆದರೆ ಆ ವರ್ಷ ಇಬ್ಬರೂ ಪರೀಕ್ಷೆ ಬರೆದರು. ಹದಿನಾರನೆಯ ದಿನ ಸರ್ ಆ ಪತ್ರವನ್ನು ಅವರ ಎದುರಿಗೇ ಹರಿದು ಹಾಕಿದ್ದರು.

ಸರ್ ನಿವೃತ್ತರಾದರು. ಮೆಸ್ಸಿಗೆ ಸ್ಟೀಲಿನ ಮೇಜುಗಳು ಬಂದವು. ನಾನೀಗ ಹಿಂದಿನ ವರಾಂಡದಲ್ಲಿದ್ದೇನೆ. ಅಡುಗೆಯವರು ನನ್ನ ಮೇಲೆ ಮೆಣಸಿನಕಾಯಿ ಒಣಹಾಕುತ್ತಾರೆ. ಬಿಸಿಲು ಹಿತವಾಗಿದೆ. ಒಳಗಿನ ಗಲಾಟೆ ಈಗಲೂ ಕೇಳುತ್ತದೆ, ಹೊಸ ವಾರ್ಡನ್ನರು ಗದರುವುದೂ ಕೇಳುತ್ತದೆ. ಹರೆಯದವರು ಕೂಡಿದಲ್ಲಿ ಜಗಳ ಇದ್ದದ್ದೇ. ನನಗೆ ಅದರ ಬೇಸರವಿಲ್ಲ. ಗದರಿದ ಮೇಲೆ ಆ ಹುಡುಗರ ಪಕ್ಕ ಯಾರಾದರೂ ಬಂದು ಕುಳಿತರೇ ಎಂದು ಮಾತ್ರ ಕಿವಿಗೊಟ್ಟು ಆಲಿಸುತ್ತೇನೆ.