ಎಡಗಾಲಿನ ಗಾಯ

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಧಾರಾವಾಹಿಯ ಅಣ್ಣನ ಕಾಲು ಕತ್ತರಿಸುವುದೆಂದು ತೀರ್ಮಾನವಾಯಿತು. ಪರವಾಗಿ ನಾಲ್ವರು, ವಿರುದ್ಧ ಒಬ್ಬ.

ಆ ಒಬ್ಬನಿಗೆ ಮತವಿರಲಿಲ್ಲ. ಅವನು ಸಲಹೆಗಾರ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದವನು. ಹನ್ನೊಂದನೇ ವಯಸ್ಸಿನಿಂದ, ಅಂದರೆ ಮೂವತ್ತಮೂರು ವರ್ಷಗಳಿಂದ, ಇನ್ಸುಲಿನ್ ಚುಚ್ಚಿಕೊಂಡು ಬದುಕಿರುವವನು. ಈ ಧಾರಾವಾಹಿಯಲ್ಲಿ ಒಮ್ಮೆ ಸಕ್ಕರೆ ಕುಸಿದು ಬಿದ್ದ ಅಣ್ಣನಿಗೆ ತಂಗಿ ಓಡಿ ಬಂದು ಇನ್ಸುಲಿನ್ ಕೊಟ್ಟು ಬದುಕಿಸಿದ್ದಳು. ಆಗ ಕೊಡಬೇಕಾದ್ದು ಸಕ್ಕರೆ. ಇನ್ಸುಲಿನ್ ಕೊಟ್ಟರೆ ಹೆಣ ಬೀಳುತ್ತದೆ. ಅವನು ವಾಹಿನಿಗೆ ಪತ್ರ ಬರೆದ. ಅದರಲ್ಲಿ ಹತ್ತೊಂಬತ್ತು ತಪ್ಪುಗಳ ಪಟ್ಟಿಯಿತ್ತು. ವಾಹಿನಿಯವರು ಅವನನ್ನೇ ಕೆಲಸಕ್ಕೆ ಕರೆದರು. ಚಿತ್ರೀಕರಣದವರು ಅವನಿಗಿಟ್ಟ ಹೆಸರು ಶುಗರ್ ಮೇಷ್ಟ್ರು.

“ಸಣ್ಣ ಗಾಯ. ಬೇಗ ನೋಡಿದ್ರೆ ವಾಸಿಯಾಗುತ್ತೆ. ಕಾಲು ಯಾಕೆ ತೆಗೀಬೇಕು?” ಅಂದ.

“ವಾಸಿಯಾದ್ರೆ ಮುಂದಿನ ವಾರ ಏನು ತೋರಿಸೋದು ಮೇಷ್ಟ್ರೇ, ಬ್ಯಾಂಡೇಜಾ?” ನಿರ್ದೇಶಕ ಕೇಳಿದ.

“ಈ ಕಾಯಿಲೆ ಇರೋ ಮಕ್ಕಳೂ ನೋಡ್ತಿರ್ತಾರೆ.”

“ನೋಡ್ಲಿ. ನಿಮ್ಮನ್ನೇ ತಗೊಳ್ಳಿ. ಮೂವತ್ತಮೂರು ವರ್ಷ ಆದ್ರೂ ಗುಂಡುಕಲ್ಲಿನ ಹಾಗಿದ್ದೀರಿ. ನಿಮ್ಮ ಕಥೆ ಮಾಡಿದ್ರೆ ಯಾರು ಅಳ್ತಾರೆ ಹೇಳಿ?”

ಐದು ತಿಂಗಳಿಂದ ಅವರು ಮಾಡುತ್ತಿದ್ದದ್ದು ಅವನ ಕಥೆಯನ್ನೇ. ಬಾಯಾರಿಕೆ ತಾಳಲಾರದೆ ಹೂಕುಂಡಕ್ಕೆ ಹಾಕುವ ನೀರು ಕುಡಿದದ್ದು, ಶಾಲೆಯ ಪ್ರವಾಸದ ದಿನ ಮನೆಯಲ್ಲೇ ಉಳಿದದ್ದು, ಎಲ್ಲವನ್ನೂ ಸಂಭಾಷಣೆ ಬರೆಯುವವನಿಗೆ ಒಂದೊಂದಾಗಿ ಕೊಟ್ಟಿದ್ದ. ತನ್ನದೆಂದು ಹೇಳಿರಲಿಲ್ಲ, ‘ಒಂದು ಕೇಸಿನಲ್ಲಿ ಹೀಗಾಗಿತ್ತು’ ಅನ್ನುತ್ತಿದ್ದ. ಅಮ್ಮ ಈ ಧಾರಾವಾಹಿಯನ್ನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ನೋಡುತ್ತ ನೋಡುತ್ತ ಎಂದಾದರೂ ಅವಳು ಅವನ ಕಡೆ ತಿರುಗಿ, ‘ಇದು ನೀನಲ್ಲವೇನೋ?’ ಅನ್ನಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಅಣ್ಣನ ಪಾತ್ರದ ನಟ ಬೇರೆ ಚಿತ್ರೀಕರಣಕ್ಕೆ ಹೋಗಿದ್ದ. ಬೇಕಾಗಿದ್ದದ್ದು ಪಾದವನ್ನು ಹತ್ತಿರದಿಂದ ತೋರಿಸುವ ದೃಶ್ಯ ಮಾತ್ರ.

“ಪಾದಕ್ಕೆ ಮುಖ ಇರಲ್ಲ. ನಿಮ್ಮದೇ ಕೊಡಿ ಮೇಷ್ಟ್ರೇ,” ಅಂದ ನಿರ್ದೇಶಕ.

ಮೇಕಪ್ಪಿನವಳು ಸ್ಟೂಲು ಎಳೆದುಕೊಂಡು ಕೂತಳು. “ನಾಚ್ಕೋಬೇಡಿ. ನಮ್ಮ ನಾಯಕಿ ಹಿಮ್ಮಡಿ ನೋಡಿದವಳು ನಾನು, ಯಾವುದಕ್ಕೂ ಹೆದರಲ್ಲ.”

ಬಲಗಾಲಿನ ಕಾಲುಚೀಲ ಅರ್ಧಕ್ಕೆ ಬಂದು ನಿಂತಿತು. ಅಂಟಿಕೊಂಡಿತ್ತು.

“ಇದೇನು, ಆಗಲೇ ಯಾರೋ ಮೇಕಪ್ ಮಾಡಿದಾರೆ?” ಎಂದು ನಕ್ಕಳು. ಆಮೇಲೆ ನಗಲಿಲ್ಲ.

ಹೆಬ್ಬೆರಳಿನ ಬುಡದಲ್ಲಿ ಗಾಯ. ಬಟಾಣಿಯಷ್ಟು. ಅಂಚು ಬೆಳ್ಳಗೆ, ನಡುವೆ ಕಪ್ಪು. ಅವಳು ಬೂಟಿನೊಳಗೆ ಬೆರಳಾಡಿಸಿದಳು. ಸೆಟ್ಟಿನ ಬಡಗಿ ಬೀಳಿಸಿದ್ದ ಸಣ್ಣ ಮೊಳೆಯೊಂದು ಅಟ್ಟೆಯನ್ನು ತೂರಿ ಮೊನೆಯನ್ನು ಒಳಗೆ ಚಾಚಿತ್ತು.

“ಎರಡು ದಿನದ್ದಾದ್ರೂ ಇರಬೇಕು. ಚುಚ್ಚಲಿಲ್ವಾ?”

“ಚುಚ್ಚಿರಬೇಕು.”

“ಅಲ್ಲ, ನಿಮಗೆ ಗೊತ್ತಾಗ್ಲಿಲ್ವಾ ಅಂತ ಕೇಳಿದ್ದು.”

ಪಾದದ ನರಗಳು ಸತ್ತು ನಾಲ್ಕು ವರ್ಷವಾಗಿತ್ತು. ‘ದಿನವೂ ಕನ್ನಡಿ ಹಿಡಿದು ಪಾದ ನೋಡಿಕೊಳ್ಳಿ’ ಎಂಬ ಮಾತನ್ನು ನೂರನಾಲ್ಕನೇ ಕಂತಿಗೆ ಬರೆದುಕೊಟ್ಟವನು ಅವನೇ. ತಾನು ನೋಡಿಕೊಂಡು ಎಷ್ಟು ದಿನವಾಯಿತೆಂದು ನೆನಪಾಗಲಿಲ್ಲ. ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಇನ್ನಾರದೋ ಪಾದ. ಇನ್ನಾರದೋ ಪಾದವನ್ನು ದಿನಾ ವಿಚಾರಿಸಿಕೊಳ್ಳುವುದು ಅವನಿಗೆ ಸಾಕಾಗಿತ್ತು.

ನಿರ್ದೇಶಕ ಬಗ್ಗಿ ನೋಡಿದ. “ಅರೆ, ಒರಿಜಿನಲ್ಲೇ ಇದೆಯಲ್ಲ!” ಕ್ಯಾಮೆರಾದೊಳಗಿನಿಂದ ನೋಡಿ ತಲೆಯಾಡಿಸಿದ. “ಊಹ್ಞೂಂ. ಸೊಳ್ಳೆ ಕಚ್ಚಿದ ಹಾಗೆ ಕಾಣುತ್ತೆ. ದೊಡ್ಡದು ಮಾಡಮ್ಮ.”

“ಆ ಕಾಲಿಗೆ ನಾನು ಬಣ್ಣ ಮುಟ್ಟಿಸಲ್ಲ. ಬೇಕಿದ್ರೆ ಎಡಗಾಲಿಗೆ ಮಾಡ್ತೀನಿ.”

ಎಡಗಾಲಿಗೇ ಮಾಡಿದಳು. ನಲವತ್ತು ನಿಮಿಷ ಹಿಡಿಯಿತು. ಅಂಗಾಲಿನಿಂದ ಶುರುವಾದ ಗಾಯ ಬೆರಳುಗಳನ್ನು ಹಾದು ಪಾದದ ಮೇಲಕ್ಕೂ ಹರಡಿತು. ಬಲಗಾಲಿಗೆ ಹತ್ತಿ ಕಟ್ಟಿ, ಉಡುಪಿನ ಪೆಟ್ಟಿಗೆಯಿಂದ ತಂದ ಬಿಳಿ ಕಾಲುಚೀಲ ತೊಡಿಸಿ, ಕ್ಯಾಮೆರಾ ಚೌಕಟ್ಟಿನ ಆಚೆ ಇರಿಸಿದರು. ಮೊದಲ ಸಲಕ್ಕೇ ದೃಶ್ಯ ಸರಿಹೋಯಿತು.

“ನಿಜ ಅಂದ್ರೆ ಇದು,” ಅಂದ ನಿರ್ದೇಶಕ.

ಮೇಕಪ್ಪಿನವಳು ಅವನಿಗೆ ಚಪ್ಪಲಿ ಕೊಟ್ಟಳು. “ಬಣ್ಣ ಎಣ್ಣೆ ಹಾಕಿ ಆಮೇಲೆ ತೆಗೀರಿ. ಮೊದಲು ಆಸ್ಪತ್ರೆ. ಇವತ್ತೇ. ನನ್ನ ತಮ್ಮನಿಗೆ ಹೇಳಿದ ಹಾಗೆ ಹೇಳ್ತಿದೀನಿ.”

“ಹೋಗ್ತೀನಿ.”

ಆಸ್ಪತ್ರೆಗೂ ಅಮ್ಮನ ಮನೆಗೂ ಒಂದೇ ಬಸ್ಸು. ಅಮ್ಮನ ಮನೆ ಎರಡು ನಿಲ್ದಾಣ ಮೊದಲು. ಅವನು ಅಲ್ಲೇ ಇಳಿದ. ಮೊದಲು ಅವಳಿಗೆ ಹೇಳಬೇಕು ಅನ್ನಿಸಿತು.

ನಾಲ್ಕು ಗಂಟೆಯ ಮರುಪ್ರಸಾರ ನಡೆಯುತ್ತಿತ್ತು. ಪರದೆ ಎಳೆದ ಕೋಣೆಯಲ್ಲಿ ಟಿವಿಯ ಬೆಳಕಷ್ಟೇ.

“ಬಾ, ಕೂತ್ಕೋ. ಮಾತಾಡ್ಬೇಡ,” ಅಂದಳು ಅಮ್ಮ, ತಿರುಗದೆ.

ಟಿವಿಯಲ್ಲಿ ಅಣ್ಣನ ಬಾಲ್ಯ. ಪರೀಕ್ಷೆಯ ಬೆಳಿಗ್ಗೆ, ಕುದಿಯುವ ನೀರಿನಲ್ಲಿ ಇನ್ಸುಲಿನ್ ಚುಚ್ಚುವ ಗಾಜಿನ ಸಿರಿಂಜು ಬಿರುಕು ಬಿಟ್ಟಿತ್ತು. ಮನೆಯಲ್ಲಿ ಇನ್ನೊಂದಿಲ್ಲ. ತಾಯಿ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತಿದ್ದಳು. ಹನ್ನೊಂದರ ಹುಡುಗ ಅವಳ ಬೆನ್ನು ಸವರುತ್ತಿದ್ದ. “ಪರವಾಗಿಲ್ಲಮ್ಮ. ಇವತ್ತು ನಾನು ಊಟ ಮಾಡಲ್ಲ, ಅಷ್ಟೇ.”

ಆ ಮಾತಿನಲ್ಲಿ ಒಂದಕ್ಷರವನ್ನೂ ಯಾರೂ ಬದಲಿಸಿರಲಿಲ್ಲ.

ಅಮ್ಮ ಕಣ್ಣೊರೆಸಿಕೊಂಡಳು. “ಪಾಪ ಕಣೋ ಮಗು. ಆ ತಾಯಿ ಹೇಗೆ ತಡ್ಕೊಂಡಳೋ.”

“ನಾನೂ ಹಾಗೇ ಅಂದಿದ್ದೆ ಅನ್ಸುತ್ತೆ. ಒಂದ್ಸಲ.”

“ನೀನಾ?” ಅವಳ ದನಿಯಲ್ಲಿ ಹೆಮ್ಮೆಯಿತ್ತು. “ನೀನು ಒಂದು ದಿನವೂ ನನ್ನ ಗೋಳು ಹುಯ್ಕೊಂಡವನಲ್ಲ. ಚುಚ್ಚಿಸ್ಕೊಂಡು ಸುಮ್ಮನೆ ಆಟಕ್ಕೆ ಹೋಗ್ತಿದ್ದೆ.”

ಜಾಹೀರಾತು ಬಂತು. ಕೋಣೆ ಬೆಳಕಾಯಿತು. ಅಮ್ಮ ತಿರುಗಿದಳು. ಅವಳ ಕಣ್ಣು ಅವನ ಎಡಗಾಲಿನ ಮೇಲೆ ಬಿತ್ತು.

ಅವಳು ಕೂಗಿಕೊಂಡದ್ದು ಪಕ್ಕದ ಮನೆಗೆ ಕೇಳಿರಬೇಕು. ಎಪ್ಪತ್ತರ ಮಂಡಿಗಳನ್ನು ನೆಲಕ್ಕೆ ಊರಿ, ಎರಡೂ ಕೈಯಿಂದ ಅವನ ಕಣಕಾಲು ಹಿಡಿದಳು. “ಯಾವಾಗಿಂದ್ಲೋ? ನನಗೆ ಯಾಕೆ ಹೇಳಲಿಲ್ಲ? ಎಷ್ಟು ನೋವು ತಿಂದೆಯೋ ನನ್ನ ಕಂದ...”

ಮೂವತ್ತಮೂರು ವರ್ಷದಲ್ಲಿ ಮೊದಲ ಸಲ ಅವಳು ಅವನಿಗಾಗಿ ಅಳುತ್ತಿದ್ದಳು. ಅವನು ತಡೆಯಲಿಲ್ಲ. ಇನ್ನೊಂದು ನಿಮಿಷ ಇರಲಿ ಅನ್ನಿಸಿತು. ಆದರೆ ತಪ್ಪು ಕಂಡರೆ ತಿದ್ದದೆ ಇರುವುದು ಅವನಿಗೆ ಬರುತ್ತಿರಲಿಲ್ಲ.

“ಬಣ್ಣ ಅಮ್ಮ,” ಅಂದ. “ಶೂಟಿಂಗಿಗೆ ಹಚ್ಚಿದ್ದು.”

ಅವಳು ಬೆರಳಿನಿಂದ ಕೆರೆದು ನೋಡಿದಳು. ಉಗುರಿಗೆ ಕೆಂಪು ಮೇಣ ಬಂತು. ಅವನ ಮೊಣಕಾಲಿಗೆ ಎರಡೇಟು ಕೊಟ್ಟು, ಅಳುತ್ತಲೇ ನಕ್ಕಳು. “ಕತ್ತೆ! ಜೀವವೇ ಬಾಯಿಗೆ ಬಂದಿತ್ತು. ಇಷ್ಟು ವಯಸ್ಸಾಗಿದೆ, ತಮಾಷೆ ನೋಡು.”

ಎಣ್ಣೆ, ಟವೆಲು ತಂದಳು. ಬೇಡವೆಂದರೂ ಕೇಳದೆ ತಾನೇ ಒರೆಸಲು ಕೂತಳು. ಬೆರಳುಸಂದಿಗಳನ್ನೂ ಬಿಡದೆ, ಎಳೆಗೂಸಿಗೆ ಒರೆಸುವಂತೆ, ನಿಧಾನವಾಗಿ. ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಬಗ್ಗಿ ನೋಡಿದಾಗ ಮಾತ್ರ ಅಮ್ಮ ಮುಟ್ಟುತ್ತಿದ್ದಾಳೆಂದು ಗೊತ್ತಾಗುತ್ತಿತ್ತು. ಅವನು ನೋಡುತ್ತಲೇ ಇದ್ದ.

“ಈ ಚೀಲಕ್ಕೂ ಹತ್ತಿದೆ ನೋಡು ಬಣ್ಣ.” ಅವಳು ಬಲಗಾಲು ತೋರಿಸಿದಳು. “ಬಿಚ್ಚು, ಒಗೆದುಹಾಕ್ತೀನಿ.”

“ಬೇಡ ಬಿಡಮ್ಮ. ನಾನೇ ಒಗೀತೀನಿ.”

“ಹೋಗುತ್ತಾ ಒಗೆದ್ರೆ?”

“ಹೋಗುತ್ತೆ.”

ಜಾಹೀರಾತು ಮುಗಿಯಿತು. ಅಮ್ಮ ಟವೆಲನ್ನು ಅವನ ಕೈಗಿಟ್ಟು, ಕುರ್ಚಿ ಹಿಡಿದು ಎದ್ದು, ಟಿವಿಯ ಧ್ವನಿ ಜಾಸ್ತಿ ಮಾಡಿದಳು.