ತುಟಿ ಆಡಿಸುವ ಕೆಲಸ

"ಅವನು ನನ್ನನ್ನು ಕಳ್ಳ ಅಂದನಾ?" ಮಡಿಕೇರಿಯಿಂದ ಬಂದಿದ್ದ ಕಾಳುಮೆಣಸಿನ ವ್ಯಾಪಾರಿ ಕುರ್ಚಿಯಿಂದ ಅರ್ಧ ಎದ್ದಿದ್ದ.

"ಕಳ್ಳ ಅನ್ನಲಿಲ್ಲ. ಕಳ್ಳರಿಗೆ ಪಾಠ ಹೇಳಿಕೊಡುವವನು ಅಂದರು," ಎಂದಳು ಹರಿಣಾಕ್ಷಿ.

ಅದು ಕೊಚ್ಚಿಯ ಮಟ್ಟಾಂಚೇರಿಯ ಒಂದು ಹಳೆಯ ಗೋದಾಮು. ಗೋದಾಮಿನ ಮಾಲೀಕ ತನ್ನ ಬೈಗುಳ ಮುಟ್ಟಬೇಕಾದಲ್ಲಿಗೆ ಮುಟ್ಟಿತೋ ಇಲ್ಲವೋ ಎಂದು ವ್ಯಾಪಾರಿಯ ಮುಖವನ್ನೇ ನೋಡುತ್ತಿದ್ದ. ವ್ಯಾಪಾರಿ ಗಹಗಹಿಸಿ ನಕ್ಕು, ಅದಕ್ಕಿಂತ ಖಾರವಾದ ಒಂದನ್ನು ತಿರುಗಿಸಿ ಎಸೆದ. ಹರಿಣಾಕ್ಷಿ ಖಾರ ಕಡಿಮೆ ಮಾಡದೆ ಅದನ್ನೂ ಮಲಯಾಳಕ್ಕೆ ದಾಟಿಸಿದಳು. ಸ್ವಲ್ಪ ಹೊತ್ತಿನಲ್ಲೇ ಇಬ್ಬರೂ ಒಂದೇ ಮೂಟೆಗೆ ಕೈ ಹಾಕಿ ಮೆಣಸು ಮೂಸುತ್ತಾ ಚಹಾ ಕುಡಿಯುತ್ತಿದ್ದರು.

ಅವಳ ಕೆಲಸವೇ ಅದು. ಹುಟ್ಟಿದ್ದು ಕಾಸರಗೋಡಿನಲ್ಲಿ; ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳ. ಗಂಡ ಶಂಕರನಾರಾಯಣನಿಗೆ ಬ್ಯಾಂಕಿನಲ್ಲಿ ಕೊಚ್ಚಿಗೆ ವರ್ಗವಾದ ಮೇಲೆ, ಎರಡೂ ಭಾಷೆ ಬೇಕಾದ ಕಡೆಯೆಲ್ಲ ದುಭಾಷಿಯಾಗಿ ಹೋಗತೊಡಗಿದಳು. ಇಂತಹದೇ ಕಚೇರಿ ಎಂದಿಲ್ಲ, ಕರೆದಲ್ಲಿಗೆ ಹೋಗುವುದು. ಅವಳಿಗೆ ಅವಳದ್ದೇ ಒಂದು ಶಿಸ್ತಿತ್ತು: ಬಿಡುವುದಿಲ್ಲ, ಸೇರಿಸುವುದಿಲ್ಲ. ಬೈಗುಳವಾದರೆ ಬೈಗುಳ, ಅಳುವಾದರೆ ಅಳು. ಮಾತಾಡುವವರು 'ನಾನು' ಎಂದರೆ ಅವಳೂ 'ನಾನು' ಎಂದೇ ಹೇಳುವಳು.

ಆ ದಿನ ಬೆಳಿಗ್ಗೆ ತಿರುವನಂತಪುರದ ಸಂಸ್ಥೆಯೊಂದರ ಆನ್‌ಲೈನ್ ಸಭೆ ಮುಗಿಸಿ, "ಅಮ್ಮಾ, ಎಂಡೆ ಸಾಕ್ಸ್ ಎವಿಡೆ?" ಎಂದು ಕೂಗುತ್ತಿದ್ದ ಮಗಳು ನಿಖಿತಾಗೆ ಕಾಲುಚೀಲ ಹುಡುಕಿಕೊಟ್ಟು ಮಟ್ಟಾಂಚೇರಿಗೆ ಓಡಿ ಬಂದಿದ್ದಳು. ಇನ್ನು ಏಲೂರಿಗೆ ಹೋಗಬೇಕು. ಸಂಜೆ ಕಲೂರಿನಲ್ಲಿ ಗೆಳತಿ ಸುಮಿತ್ರಳ ಮನೆಯಲ್ಲಿ ಊಟ. ಟ್ಯಾಕ್ಸಿಯಲ್ಲೇ ಡಬ್ಬಿ ಬಿಚ್ಚಿ ಮೊಸರನ್ನ ತಿಂದಳು.

ಈಗಾಗಲೇ ಕಾರ್ಖಾನೆಗಳಿಂದ ತುಂಬಿದ್ದ ಏಲೂರಿನಲ್ಲಿ ಹೊಳೆಯ ದಂಡೆಗೆ ಇನ್ನೊಂದು, ಬಣ್ಣದ ಕಾರ್ಖಾನೆ ಬರುವುದಿತ್ತು. ಕಂಪನಿಯವರು ನೇಮಿಸಿದ ಪರಿಸರ ಸಲಹೆಗಾರ ಡಾ. ರಾಮದಾಸ, ಮೈಸೂರಿನವರು, ಸುತ್ತಲಿನ ಜನರ ಅಭಿಪ್ರಾಯ ಕೇಳಿ, ಮರುದಿನ ತಿರುವನಂತಪುರದಲ್ಲಿ ಅಧಿಕಾರಿಗಳ ಮುಂದೆ ಹೇಳಬೇಕಿತ್ತು. ಎರಡೂ ಕಡೆಗೆ ಹರಿಣಾಕ್ಷಿಯೇ ದುಭಾಷಿ. ರಾಮದಾಸರು ಬೆಳ್ಳಿ ಕೂದಲಿನ, ಮೃದು ಮಾತಿನ ಮನುಷ್ಯ. ಅವಳನ್ನು ಕಂಡದ್ದೇ ಮುಖ ಅರಳಿತು.

"ಇಂಗ್ಲಿಷ್ ಬೇಡಮ್ಮಾ, ಕನ್ನಡದಲ್ಲೇ ಹೇಳಿಬಿಡಿ. ಕಿವಿಗೆ ಹಿತವಾಗಿರುತ್ತೆ."

ಸಭಾಭವನ ತುಂಬಿತ್ತು. ಹೆಂಗಸರೇ ಹೆಚ್ಚು. ಅವಳು ರಾಮದಾಸರ ಪಕ್ಕ ಕುರ್ಚಿ ಎಳೆದುಕೊಂಡು, ಮೈಕಿನಲ್ಲಿ ಬಂದ ಮಾತನ್ನು ಕಿವಿಯ ಹತ್ತಿರ ಪಿಸುದನಿಯಲ್ಲಿ ಹೇಳುತ್ತಾ ಹೋದಳು. ಮೀನುಗಾರನೊಬ್ಬ ಮಾತಾಡಿದ. ನಿವೃತ್ತ ಶಿಕ್ಷಕರೊಬ್ಬರು ಮಾತಾಡಿದರು. ಅಷ್ಟರಲ್ಲಿ ರಾಮದಾಸರು ಕೈ ಅಡ್ಡ ಹಿಡಿದು ಆಕಳಿಸಿದರು.

"ಸಾಕಮ್ಮಾ. ಎಲ್ಲರದ್ದೂ ಅದೇ ರಾಗ. ನನಗೆ ಒಂದಿಷ್ಟು ಮೆಸೇಜ್ ನೋಡೋದಿದೆ."

ಹರಿಣಾಕ್ಷಿ ನಿಲ್ಲಿಸಿದಳು. ಅವಳ ಬಾಯಿ ನಿಂತದ್ದನ್ನು ಸಭೆ ಗಮನಿಸಿತು. ಹಿಂದಿನಿಂದ ಯಾರೋ, ಸಾರ್‌ಗೆ ಅರ್ಥವಾಗುತ್ತಿಲ್ಲವೇ ಎಂದು ಕೂಗಿದರು. ರಾಮದಾಸರು ಜನರ ಕಡೆ ನೋಡಿ ಮುಗುಳ್ನಕ್ಕರು. ಅದೇ ನಗುವಿನಲ್ಲಿ, ಅವಳಿಗೆ ಮಾತ್ರ ಕೇಳುವಂತೆ ಹೇಳಿದರು:

"ಸುಮ್ನೆ ಕೂತ್ರೆ ಚೆನ್ನಾಗಿರಲ್ಲ. ತುಟಿ ಆಡಿಸ್ತಾ ಇರಿ. ಅವರಿಗೂ ಸಮಾಧಾನ, ನಮಗೂ ನೆಮ್ಮದಿ."

ಆಮೇಲೆ ಮೊಬೈಲನ್ನು ಮೇಜಿನ ಕೆಳಗೆ ಹಿಡಿದುಕೊಂಡರು.

ತಾನು ತಪ್ಪು ಕೇಳಿಸಿಕೊಂಡೆನೇನೋ ಅನ್ನಿಸಿತು ಅವಳಿಗೆ. ಏಳಬೇಕೆಂದುಕೊಂಡಳು. ಎದ್ದು ಏನು ಹೇಳುವುದು? ಇನ್ನೊಬ್ಬರು ಹೇಳಿದ್ದನ್ನು ಹೇಳಿ ಮಾತ್ರ ಅಭ್ಯಾಸವಾದ ಬಾಯಿ. ಅಷ್ಟರಲ್ಲಿ ಮುಂದಿನ ಹೆಂಗಸು ಮೈಕ್ ಹಿಡಿದಾಗಿತ್ತು. ಹರಿಣಾಕ್ಷಿಯ ತುಟಿಗಳು ತಾವಾಗಿ ಆಡತೊಡಗಿದವು. ಉಪ್ಪು, ಸಾಸಿವೆ, ಕರಿಬೇವು, ನಿಖಿತಾಗೆ ಕಾಲುಚೀಲ ಎಂದು ಅವು ಪಿಸುಗುಡುತ್ತಿದ್ದವು. ಕಿವಿ ಮಾತ್ರ ಹೆಂಗಸಿನ ಒಂದೊಂದು ಪದವನ್ನೂ ಬಿಡದೆ ಹಿಡಿದಿಟ್ಟುಕೊಳ್ಳುತ್ತಿತ್ತು.

ಸಭೆ ಮುಗಿದು ಜನ ಕರಗುವಾಗ ಆ ಹೆಂಗಸು ನೇರ ಅವಳ ಬಳಿಗೇ ಬಂದಳು. ಹೆಸರು ವಸಂತಿ. ಮಸುಕಾದ ಹಸಿರು ಚೂಡಿದಾರ, ಬೆವರಿದ ಮುಖ. ಹರಿಣಾಕ್ಷಿಯ ಕೈ ಹಿಡಿದು, ಅಕ್ಕನನ್ನು ಕರೆಯುವ ಹಾಗೆ ಮಲಯಾಳದಲ್ಲಿ ಕೇಳಿದಳು: "ಚೇಚಿ, ನಿಮಗೆ ಕಷ್ಟವಾಗಬಾರದು ಅಂತ ನಾನು ನಿಲ್ಲಿಸಿ ನಿಲ್ಲಿಸಿ ಮಾತಾಡಿದೆ. ಎಲ್ಲ ಹೇಳಿದಿರಿ, ಅಲ್ವಾ?"

ಹರಿಣಾಕ್ಷಿ ಹೌದೆಂದು ತಲೆಯಾಡಿಸಿದಳು.

"ನಾಳೆ ನಾವೂ ತಿರುವನಂತಪುರಕ್ಕೆ ಬರ್ತೇವೆ, ಬೆಳಗಿನ ರೈಲಿಗೆ. ಒಳಗೆ ಬಿಡದಿದ್ದರೆ ಗೇಟಿನ ಹತ್ತಿರ ನಿಲ್ತೇವೆ," ಎಂದು ಹೇಳಿ ವಸಂತಿ ಬಸ್ಸಿಗೆ ಓಡಿದಳು.

ಸಂಜೆ ಕಾರಿನಲ್ಲಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೋದ ಹಾಗೆ ದನಿ ಏರಿತು. "ನನ್ನನ್ನು ಎಂತ ಅಂದ್ಕೊಂಡಿದ್ದಾರೆ ಅವರು? ಗೊಂಬೆಯಾ?"

"ಎಂತ ಮಾಡುದು, ದೊಡ್ಡವರು," ಎಂದ ಶಂಕರನಾರಾಯಣ ಸಿಗ್ನಲ್ ನೋಡುತ್ತಾ. "ಅವರಿಗೆ ಬೇಡ ಅಂದ್ರೆ ಬೇಡ. ನಿನಗೆಂತ ನಷ್ಟ ಅದರಲ್ಲಿ? ಮತ್ತೆ ಇವತ್ತು ಸುಮಿತ್ರಳ ಮನೆಗೆ ಅವರೂ ಬರ್ತಾರೆ. ದಾಮೋದರನಿಗೆ ಕಾಲೇಜಿನಲ್ಲಿ ಪಾಠ ಮಾಡಿದವರಂತೆ. ಮುಖ ಸಿಂಡರಿಸಿ ಕೂರಬೇಡ ಮಾರಾಯ್ತಿ."

ಸುಮಿತ್ರ, ದಾಮೋದರ ದಂಪತಿಯ ಮನೆ ಸ್ಟೇಡಿಯಂ ಪಕ್ಕದ ಕಟ್ಟಡದಲ್ಲಿ. ಬಾಗಿಲು ತೆಗೆಯುವಾಗಲೇ ಬಿಸಿಬೇಳೆಬಾತಿನ ಪರಿಮಳ. ದಾಮೋದರ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅಧಿಕಾರಿ. ಊರು ಬಿಟ್ಟು ಬಂದ ನಾಲ್ಕಾರು ಕನ್ನಡ ಕುಟುಂಬಗಳು ಅವನ ಮನೆಯಲ್ಲಿ ಹೀಗೆ ಸೇರುವುದಿತ್ತು. ಸೋಫಾದ ನಡುವೆ ಕೂತಿದ್ದ ರಾಮದಾಸರು ಹರಿಣಾಕ್ಷಿಯನ್ನು ಕಂಡು ಎದ್ದೇ ನಿಂತರು.

"ನೋಡಿ, ನಾನು ಹೇಳ್ತಿದ್ದೆನಲ್ಲ, ಇವರೇ! ಎಷ್ಟು ಚೆನ್ನಾಗಿ ಮಾಡಿದ್ರು ಅಂದ್ರೆ, ಹಾಲ್‌ನಲ್ಲಿ ಒಂದು ಗಲಾಟೆ ಇಲ್ಲ."

ಶಂಕರನಾರಾಯಣನ ಮುಖ ಹಿಗ್ಗಿತು. ಹರಿಣಾಕ್ಷಿ ಅಡುಗೆಮನೆಗೆ ನಡೆದು ಸುಮಿತ್ರಳಿಗೆ ಹಪ್ಪಳ ಕರಿಯಲು ನಿಂತಳು. ಎಣ್ಣೆಯ ಸದ್ದಿನ ನಡುವೆಯೂ ಹೊರಗಿನ ಮಾತು ಕೇಳುತ್ತಿತ್ತು. ಕ್ರಿಕೆಟ್ಟಾಯಿತು, ಮೆಟ್ರೋ ಆಯಿತು, ಮಕ್ಕಳು ಕನ್ನಡದಲ್ಲಿ ಉತ್ತರ ಕೊಡುವುದಿಲ್ಲ ಎಂಬ ಮಾಮೂಲಿ ದೂರಾಯಿತು.

ಊಟಕ್ಕೆ ಕೂತಾಗ ದಾಮೋದರ ಕೇಳಿದ, "ಹೇಗೆ ಸಾರ್, ಏಲೂರಿನವರು ಒಪ್ತಾರಾ?"

"ದೊಡ್ಡ ವಿರೋಧ ಏನಿಲ್ಲಪ್ಪ. ನಾಳೆ ಅದನ್ನೇ ಹೇಳ್ತೀನಿ. ಜನಕ್ಕೆ ಬೇಕಾಗಿರೋದು ತಮ್ಮ ಮಾತು ಯಾರೋ ಕೇಳಿಸ್ಕೊಂಡ್ರು ಅನ್ನೋ ಸಮಾಧಾನ." ರಾಮದಾಸರು ತುತ್ತು ಕೈಯಲ್ಲೇ ಹಿಡಿದು ಹರಿಣಾಕ್ಷಿಯ ಕಡೆ ಕಣ್ಣು ಮಿಟುಕಿಸಿದರು. "ಕೊನೆಯ ಅರ್ಧ ಗಂಟೆ ಇವರು ನನಗೆ ಏನೂ ಹೇಳಲೇ ಇಲ್ಲ! ಬರೀ ಹೀಗೆ." ತುಟಿಗಳನ್ನು ಮೀನಿನ ಹಾಗೆ ಆಡಿಸಿ ತೋರಿಸಿದರು.

ಎಲ್ಲರೂ ನಕ್ಕರು. ಸುಮಿತ್ರಳೂ ನಕ್ಕಳು. ಶಂಕರನಾರಾಯಣ ಹೆಂಡತಿಯ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ.

"ಸಾರ್, ನಿಮಗೆ ಒಂದು ಮಾತು ಬಾಕಿ ಉಂಟು," ಎಂದಳು ಹರಿಣಾಕ್ಷಿ.

"ಹೇಳಮ್ಮಾ."

ಅವಳು ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಸಭೆಗಳಲ್ಲಿ ಕೂರುವಂತೆ ನೆಟ್ಟಗೆ ಕೂತು, ಅವರ ಮುಖವನ್ನೇ ನೋಡುತ್ತಾ ಶುರು ಮಾಡಿದಳು.

"ನನ್ನ ಹೆಸರು ವಸಂತಿ. ನನ್ನ ಮನೆ ಹೊಳೆಗೆ ತಾಗಿಕೊಂಡೇ ಇದೆ. ನಮ್ಮಲ್ಲಿ ಬೆಳಿಗ್ಗೆ ಎದ್ದು ಯಾರೂ ಕಿಟಕಿ ತೆಗೆಯುವುದಿಲ್ಲ. ವಾಸನೆ ಬಂದರೆ ಫೋನ್ ಮಾಡಿ ಅನ್ನುತ್ತಾರೆ ಮಾಲಿನ್ಯ ಮಂಡಳಿಯವರು. ಮಾಡುತ್ತೇವೆ. ಅವರು ಯಂತ್ರ ತಗೊಂಡು ಬರುವ ಹೊತ್ತಿಗೆ ಗಾಳಿ ತಿರುಗಿರುತ್ತದೆ. ಹೋದ ವರ್ಷ ನನ್ನ ಅಮ್ಮ ಹಾಸಿಗೆ ಹಿಡಿದಿದ್ದರು. ಕೊನೆಯ ದಿನ, ಕಿಟಕಿ ತೆಗೆ ಮೋಳೇ, ಹೊಳೆ ನೋಡಬೇಕು ಅಂದರು. ಆ ದಿನ ಹೊರಗೆ ಉಸಿರಾಡಲು ಆಗುತ್ತಿರಲಿಲ್ಲ. ನಾನು ತೆಗೆಯಲಿಲ್ಲ. ಅಮ್ಮ ಮತ್ತೆ ಕೇಳಿದರು. ನಾನು ತೆಗೆಯಲಿಲ್ಲ. ಸಾರ್, ನೀವು ಇನ್ನೊಂದು ಕಾರ್ಖಾನೆ ಬೇಕೋ ಬೇಡವೋ ಅಂತ ನನ್ನನ್ನು ಕೇಳುತ್ತಿದ್ದೀರಿ. ನಾನು ಬೇಡ ಎನ್ನುತ್ತೇನೆ. ಬೇಡ ಎಂದು ಹೇಳಿದೆ ಅಂತ ಬರೆದುಕೊಳ್ಳಿ."

ಹರಿಣಾಕ್ಷಿಯ ದನಿ ಈಗ ಅವಳದ್ದೇ ಆಗಿತ್ತು.

"ಇದನ್ನು ಅವಳು ಹೇಳುವಾಗ ನಾನು ಅಂಗಡಿಯಿಂದ ಎಂತ ತರ್ಬೇಕು ಅಂತ ಪಿಸುಗುಟ್ತಾ ಇದ್ದೆ. ನೀವು ಹೇಳಿದಿರಿ, ನಾನು ಮಾಡಿದೆ. ಅದರಲ್ಲಿ ನಗುವಂಥದ್ದು ಎಂತ ಉಂಟು ಸಾರ್?"

"ಹರಿಣಾಕ್ಷೀ," ಎಂದಳು ಸುಮಿತ್ರ ಮೆಲ್ಲಗೆ, "ಊಟದ ಹೊತ್ತಲ್ಲಿ ಯಾಕೆ ಇದೆಲ್ಲಾ? ಮನೆಗೆ ಬಂದೋರು ಅವರು."

"ನಾನೂ ಮನೆಗೆ ಬಂದವಳೇ ಅಲ್ವಾ?"

ರಾಮದಾಸರು ಕೈ ತೊಳೆದು, ಕರವಸ್ತ್ರದಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. ಸಿಟ್ಟು ತೋರಿಸಲಿಲ್ಲ. "ತುಂಬಾ ದಣಿದಿದ್ದೀರಿ ನೀವು. ನಾಳೆ ತಿರುವನಂತಪುರಕ್ಕೆ ಬರೋದು ಬೇಡ. ನಾನು ಬೇರೆ ವ್ಯವಸ್ಥೆ ಮಾಡ್ಕೋತೀನಿ," ಎಂದರು. ದಾಮೋದರ ಅವರನ್ನು ಬಾಲ್ಕನಿಗೆ ಕರೆದೊಯ್ದ. ಹರಿಣಾಕ್ಷಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು.

ಶಂಕರನಾರಾಯಣ ಹಿಂದೆಯೇ ಬಂದು ಕಾರು ತೆಗೆದ. ಮನೆಯ ಗೇಟಿನ ಹತ್ತಿರ ಕಾರು ನಿಲ್ಲಿಸಿ, "ಇನ್ನು ದಾಮೋದರನ ಮುಖ ಹೇಗೆ ನೋಡುದು ನಾನು?" ಎಂದ.

"ನನಗೆ ಆ ಹೆಂಗಸಿನ ಮುಖ ಹೇಗೆ ನೋಡುದು ಅಂತ ಉಂಟು," ಎಂದು ಅವಳು ಇಳಿದಳು.

ಬೆಳಿಗ್ಗೆ ಎರ್ನಾಕುಳಂ ನಿಲ್ದಾಣದಲ್ಲಿ ಏಲೂರಿನವರು ಗುಂಪಾಗಿ ನಿಂತಿದ್ದರು. ಕಂಪನಿಯವರು ತನಗೆ ಸೀಟು ಕಾದಿರಿಸಿದ್ದ ಎ.ಸಿ. ಬೋಗಿಯನ್ನು ದಾಟಿ ಹರಿಣಾಕ್ಷಿ ಅವರ ಹಿಂದೆಯೇ ಸಾಮಾನ್ಯ ಬೋಗಿ ಹತ್ತಿದಳು. ರೈಲು ಹೊರಟ ಮೇಲೆ ವಸಂತಿಯ ಎದುರು ಕೂತು, ಸುತ್ತಿಬಳಸದೆ ಹೇಳಿದಳು: ನಿಮ್ಮ ಮಾತನ್ನು ನಿನ್ನೆ ಸಭೆಯಲ್ಲಿ ನಾನು ಹೇಳಲಿಲ್ಲ. ಹೇಳಿದ ಹಾಗೆ ನಟಿಸಿದೆ. ರಾತ್ರಿ ಊಟದ ಮೇಜಿನಲ್ಲಿ ಹೇಳಿದೆ, ಇವತ್ತು ನನ್ನನ್ನು ಬೇಡ ಅಂದಿದ್ದಾರೆ. ನಿಮಗೆ ಬೇಕಿದ್ದರೆ ನಿಮ್ಮ ಕಡೆಯಿಂದ ಬಂದು ನಡೆದದ್ದನ್ನು ಹೇಳುತ್ತೇನೆ.

ವಸಂತಿ ಮಡಿಲಲ್ಲಿದ್ದ ಚೀಲವನ್ನು ತನ್ನ ಪಕ್ಕದ ಖಾಲಿ ಜಾಗದಲ್ಲಿಟ್ಟಳು.

"ನನ್ನ ಅಮ್ಮನ ವಿಷಯ ನಿನ್ನೆಯ ತನಕ ನಾನು ಯಾರ ಹತ್ತಿರವೂ ಹೇಳಿರಲಿಲ್ಲ," ಎಂದಳು. "ಅಣ್ಣನಿಗೂ ಗೊತ್ತಿರಲಿಲ್ಲ."

ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದಳು. ಅವಳ ಜೊತೆಯವರು ಹರಿಣಾಕ್ಷಿಯನ್ನು ಓರೆಗಣ್ಣಿನಿಂದ ನೋಡುತ್ತಾ ಏನೇನೋ ಗೊಣಗಿದರು. ಯಾರೋ ಚಹಾ ಕೊಂಡು ಎಲ್ಲರಿಗೂ ಹಂಚಿದರು. ಅವಳ ಬಳಿಗೆ ಲೋಟ ಬರಲಿಲ್ಲ. ಅವಳೂ ತಲೆ ತಗ್ಗಿಸದೆ, ಎದ್ದು ಹೋಗದೆ, ಅಲ್ಲೇ ಕೂತಿದ್ದಳು.

ಕಾಯಂಕುಳಂ ದಾಟಿದ ಮೇಲೆ ಬಿಸಿಲು ವಸಂತಿಯ ಎದುರಿನ ಬೆಂಚಿನ ಮೇಲೆ ನೇರ ಬೀಳತೊಡಗಿತು. ಹರಿಣಾಕ್ಷಿ ಕಣ್ಣು ಕಿರಿದು ಮಾಡಿಕೊಂಡು ಕೈ ಅಡ್ಡ ಹಿಡಿದಳು. ವಸಂತಿ ತಿರುಗಿ ನೋಡಲಿಲ್ಲ. ತನ್ನ ಪಕ್ಕದಲ್ಲಿಟ್ಟಿದ್ದ ಚೀಲವನ್ನು ಎತ್ತಿ ಕಾಲಿನ ಬಳಿ ಇಟ್ಟುಕೊಂಡಳು; ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು. ಹರಿಣಾಕ್ಷಿ ಎದ್ದಳು. ರೈಲು ಒಂದು ತಿರುವಿನಲ್ಲಿ ಓಲಾಡಿತು. ಅವಳು ಮೇಲಿನ ಕಂಬಿಯನ್ನು ಹಿಡಿದು ನಿಂತಳು.