ಎಚ್ಚರದ ಮಾತ್ರೆ

ಸಿಪಾಯಿಯನ್ನು ಮೂರು ದಿನ ನಿದ್ದೆಯಿಲ್ಲದೆ ಇರಿಸುವ ಮಾತ್ರೆ, ಮಿದುಳು ಚುರುಕಾಗಲು ತಲೆಗೆ ಕಟ್ಟುವ ಯಂತ್ರ, ಇವೆಲ್ಲ ಸೈನ್ಯಕ್ಕೆ ಬೇಕೋ ಬೇಡವೋ ಎಂದು ನಮ್ಮನ್ನು ಕೇಳಲು ಮೈಸೂರಿನ ಯಾವುದೋ ಕಾಲೇಜಿನಿಂದ ರಮ್ಯ ಎಂಬ ಹುಡುಗಿ ನಂಜನಗೂಡಿಗೆ ಬಂದಿದ್ದಳು. 2004ರ ಮಾತು. ಬೇರೆ ದಿನವೇ ಸಿಗಲಿಲ್ಲವೇ ಅವಳಿಗೆ? ನವೆಂಬರ್ ತಿಂಗಳು, ಪಿಂಚಣಿ ನಿಲ್ಲದಿರಲು ನಾವಿನ್ನೂ ಬದುಕಿದ್ದೇವೆ ಎಂದು ಬ್ಯಾಂಕಿಗೆ ಸರ್ಟಿಫಿಕೇಟ್ ಕೊಡುವ ದಿನ. ಮಾಜಿ ಸೈನಿಕರೆಲ್ಲ ಸೇರುತ್ತಾರೆ, ಸತ್ತವರ ಹೆಂಡತಿಯರೂ ಬರುತ್ತಾರೆ ಎಂದು ಯಾರೋ ಹೇಳಿಕೊಟ್ಟಿದ್ದರು.

ನಾನು ಟಿ. ನರಸೀಪುರದ ರಂಗನಾಯಕ, ಹವಾಲ್ದಾರನಾಗಿ ರಿಟೈರಾದವನು. ಒಂದು ಕಡೆ ಕೂತಿರುವ ಜಾಯಮಾನ ನನ್ನದಲ್ಲ. ಮಾಜಿ ಸೈನಿಕರ ಸಂಘದ ಹಾಲ್‌ನ ಕಬ್ಬಿಣದ ಕುರ್ಚಿಯಲ್ಲಿ ಕೂತರೆ ಕಾಲು ತನ್ನಷ್ಟಕ್ಕೆ ಅದುರುತ್ತದೆ. ಪಕ್ಕದಲ್ಲಿ ಮರಿತಾಯಮ್ಮ ಕೂತಿದ್ದಳು. ನನ್ನ ಪ್ಲಟೂನಿನಲ್ಲೇ ಇದ್ದ ಮಾದಯ್ಯನ ಹೆಂಡತಿ. ಅವನು ತೊಂಬತ್ಮೂರರಲ್ಲಿ ಗಡಿಯಲ್ಲಿ ಗುಂಡು ತಗುಲಿ ಸತ್ತ. ವರ್ಷಕ್ಕೊಮ್ಮೆ ಇವಳನ್ನು ಕರೆತಂದು, ಫಾರಂ ತುಂಬಿಸಿ, ಸಂಜೆ ತಲಕಾಡಿನ ಪಕ್ಕದ ಅವಳ ಹಳ್ಳಿಯವರೆಗೂ ಬಿಟ್ಟು ಬರುವುದು ಹನ್ನೊಂದು ವರ್ಷದಿಂದ ನನ್ನ ಕೆಲಸ. ಒಡಹುಟ್ಟಿದವನೂ ಇಷ್ಟು ಮಾಡುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆದರೂ ಆ ಮಾತು ನಿಂತುಹೋದರೆ ನನಗೆ ಬೇರೆ ಏನೂ ಉಳಿಯುವುದಿಲ್ಲ, ಅದೂ ನಿಜ.

ರಮ್ಯ ಪೇಪರು ಹಂಚಿದಳು. "ನಿಮ್ಮ ನಿಮ್ಮ ಅಭಿಪ್ರಾಯ ನೀವೇ ಬರೀರಿ ಸರ್."

ಪಾಪ, ನಮ್ಮ ಜನ ಎಂಥವರೆಂದು ಅವಳಿಗೇನು ಗೊತ್ತು. ರಿಟೈರಾಗಿ ಎಷ್ಟು ವರ್ಷವಾದರೂ ನಮ್ಮಲ್ಲಿ ಮೇಲಿನ ರ‍್ಯಾಂಕಿನವರು ಬಾಯಿ ತೆರೆಯುವವರೆಗೆ ಯಾರಿಗೂ ಅಭಿಪ್ರಾಯ ಇರುವುದಿಲ್ಲ. ಟೀಗೆ ಸಕ್ಕರೆ ಎಷ್ಟು ಎನ್ನುವುದೂ ಹಾಗೇ ತೀರ್ಮಾನವಾಗುವುದು. ಎಲ್ಲರೂ ಸುಬೇದಾರ್ ಸೋಮಶೇಖರ್ ಕಡೆ ತಿರುಗಿದರು.

ಸುಬೇದಾರರು ಕನ್ನಡಕ ಏರಿಸಿ ಓದಿದರು. "ಇದ್ರಲ್ಲಿ ಯೋಚ್ನೆ ಮಾಡೋದೇನದೆ? ಸಿಪಾಯಿಗೆ ನಿದ್ದೆನೇ ಮೊದಲ್ನೇ ಶತ್ರು. ಎಲ್ರೂ 'ಬೇಕು' ಅಂತ ಟಿಕ್ ಹಾಕ್ರಪ್ಪ."

ಪೆನ್ನುಗಳು ಚಕಚಕನೆ ಓಡಿದವು. "ಸರ್, ಹಾಗಲ್ಲ ಸರ್" ಎನ್ನುತ್ತ ಆ ಹುಡುಗಿ ಸಾಲುಸಾಲಿಗೂ ಓಡಾಡಿದಳು. ಯಾರು ಕೇಳುತ್ತಾರೆ.

ನನ್ನ ಪೆನ್ನು ಮಾತ್ರ ಓಡಲಿಲ್ಲ. ಹೊರಗೆ ಹೋಗಿ ಬೀಡಿ ಹಚ್ಚಿ, ಎರಡು ದಮ್ಮು ಎಳೆದು ಬಿಸಾಕಿದೆ. ಒಳಗೆ ಬಂದು ನೀರು ಕುಡಿದೆ. ಮತ್ತೆ ಎದ್ದೆ.

"ಯಾಕ್ ರಂಗನಾಯ್ಕ, ವೊಟ್ಟೆ ಸರೀಗಿಲ್ವಾ?" ಎಂದು ಹಿಂದಿನ ಸಾಲಿನಿಂದ ಮರಿಯಯ್ಯ ನಕ್ಕ. ಸರ್ವಿಸೆಲ್ಲ ಅಡುಗೆಮನೆಯಲ್ಲೇ ಮುಗಿಸಿದವನು.

"ನಿನ್ ಸಾರು ಉಂಡ ವೊಟ್ಟೆ ಕಣ್ಲಾ, ಇನ್ನೆಂಗಿರ್ತದೆ" ಎಂದೆ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಅಷ್ಟರಲ್ಲಿ ಮರಿತಾಯಮ್ಮ ರಮ್ಯಳನ್ನು ಹತ್ತಿರ ಕರೆದಳು. "ಅವ್ವಾ, ಈ ಮಾತ್ರೆ ಆಗ್ಲೇ ಇದ್ದಿದ್ರೆ ನಮ್ಮೆಜಮಾನ್ರು ಉಳ್ಕತಿದ್ರಾ? ಕಾವ್ಲಿಗಿದ್ದೋನು ತೂಕಡಿಸ್ಬುಟ್ಟ, ಅದ್ಕೇ ವೈರಿ ಅಷ್ಟತ್ರ ಬಂದ ಅಂತ ಊರಲ್ಲಿ ಅಂತಾರೆ."

ರಮ್ಯ ಉತ್ತರಕ್ಕಾಗಿ ಸುಬೇದಾರರ ಮುಖ ನೋಡಿದಳು. ಇಷ್ಟು ಬೇಗ ಅವಳೂ ಕಲಿತುಬಿಟ್ಟಿದ್ದಳು.

"ಉಳೀತಿದ್ದ ಕಣಮ್ಮ" ಎಂದರು ಸುಬೇದಾರರು. "ನೀನೂ ಟಿಕ್ ಹಾಕು."

ಅವಳು ಪೆನ್ನು ಹಿಡಿದಳು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಹನ್ನೊಂದು ವರ್ಷ ಸುಮ್ಮನಿದ್ದವನಿಗೆ ಇನ್ನೊಂದು ಗಳಿಗೆ ಕಷ್ಟವೇ? ಆದರೆ ಅವಳ ಗಂಡ ಸತ್ತದ್ದನ್ನೇ ನೆಪ ಮಾಡಿ ಅವಳ ಕೈಯಲ್ಲೇ ಆ ಮಾತ್ರೆ ಬೇಕು ಎಂದು ಬರೆಸುವುದನ್ನು ನನ್ನಿಂದ ನೋಡಲಾಗಲಿಲ್ಲ. ಪೇಪರಿನ ಮೇಲೆ ಕೈ ಇಟ್ಟೆ.

"ಆಕ್ಬ್ಯಾಡ ಮರಿತಾಯಮ್ಮ. ಕಾವ್ಲಲ್ಲಿ ಯಾರೂ ತೂಕಡಿಸ್ನಿಲ್ಲ. ಅಲ್ಲಿದ್ದೋನು ನಾನೇ."

"ಕೂತ್ಕೊ ರಂಗನಾಯಕ" ಎಂದರು ಸುಬೇದಾರರು. ಜೀವನದಲ್ಲಿ ಮೊದಲ ಸಲ ಅವರ ಮಾತು ಮೀರಿದೆ.

"ಆ ಮಾತ್ರೆ ಆಗ್ಲೂ ಇತ್ತು. ರಾತ್ರಿಯೆಲ್ಲ ಲಾರಿ ಓಡ್ಸೋರು ನುಂಗ್ತಾರಲ್ಲ, ಅಂಥದ್ದು. ಒಬ್ಬ ಡ್ರೈವರ್ ತಾವ ಇಸ್ಕೊಂಡಿದ್ದೆ. ಯಾರೂ ನುಂಗು ಅನ್ನಿಲ್ಲ, ನಾನೇ ನುಂಗ್ದೆ. ಮೂರು ದಿನ ಕಣ್ಣು ಮುಚ್ನಿಲ್ಲ. ಭಯ ಅನ್ನೋದೇ ಇರ್ನಿಲ್ಲ. ಇರೋದೂ ಕಾಣ್ತಿತ್ತು, ಇಲ್ದೇ ಇರೋದೂ ಕಾಣ್ತಿತ್ತು. ಮೂರ್ನೇ ದಿನ ಬೆಳಿಗ್ಗೆ ಮಂಜೊಳ್ಗೆ ಒಬ್ಬ ನಡ್ಕೊಂಡು ಬಂದ. ನನ್ ಎಸ್ರು ಇಡ್ದು ಕೂಗ್ತಾ ಬಂದ. ನಂಗೆ ವೈರಿ ಅಂತ್ಲೇ ಕಂಡಿದ್ದು. ಗುಂಡು ಒಡ್ದುಬುಟ್ಟೆ."

ಅದರ ಹಿಂದಿನ ಸಂಜೆಯಿಂದ ಎರಡೂ ಕಡೆಯಿಂದ ಗುಂಡು ಹಾರಿದ್ದವು. ಮಾದಯ್ಯನಿಗೆ ತಗುಲಿದ್ದು ಯಾರ ಗುಂಡು ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸುಬೇದಾರರ ಕಡೆ ನೋಡಿದರೆ ಅವರು ನೆಲ ನೋಡುತ್ತಿದ್ದರು.

"ಯಾಕ್ ಬತ್ತಿದ್ರು ಅವ್ರು ನಿಮ್ತಾವ್ಕೆ?" ಎಂದು ಮರಿತಾಯಮ್ಮ ಮೆಲ್ಲಗೆ ಕೇಳಿದಳು.

"ಟೀ ತತ್ತಿದ್ದ. ನಂಗೆ."

ಅವಳು ಏನೂ ಬರೆಯದ ಪೇಪರನ್ನು ಮಡಚಿ ರಮ್ಯಳ ಕೈಗೆ ಕೊಟ್ಟಳು. ಅಳುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ. ಹಾಕಿದ್ದರೆ ಚೆನ್ನಾಗಿತ್ತು.

ನಾಲ್ಕರ ಬಸ್ಸಿಗೆ ಅವಳು ನನಗಿಂತ ಮುಂದೆ ಹತ್ತಿ, ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡಳು. ಬಸ್ಸಿನಲ್ಲಿ ಎಷ್ಟೋ ಸೀಟು ಖಾಲಿಯಿದ್ದರೂ ನಾನು ಕಂಬಿ ಹಿಡಿದು ನಿಂತೇ ಬಂದೆ. ನರಸೀಪುರದಲ್ಲಿ ಇಳಿದಾಗ ತಲಕಾಡಿನ ಬಸ್ಸು ಆಗಲೇ ಹೊರಟು ನಿಂತಿತ್ತು. ಅವಳ ಹಿಂದೆ ನಾಲ್ಕು ಹೆಜ್ಜೆ ನಡೆದೆ.

ಅವಳು ನಿಂತು ತಿರುಗಿದಳು. "ಅವತ್ತು ನೀವು ಒಂದ್ಗಳ್ಗೆ ಮನಿಕಂಡಿದ್ರೆ ಸಾಕಾಗಿತ್ತು" ಎಂದಳು. ಆಮೇಲೆ, "ಇನ್ಮೇಲೆ ನಾನೊಬ್ಳೇ ಓಯ್ತೀನಿ, ಬುಡಿ" ಎಂದು ಬಸ್ಸು ಹತ್ತಿದಳು.